ಮನೆವಾರ್ತೆ: ಅಗ್ಗಕ್ಕೆ ದೊರೆತ ಆನೆ



೨೦೨೫ರ ಆಟಿ ತಿಂಗಳ ಒಂದು ಸಂಜೆ. ತೋಟಗಳಿಗೆ ಮದ್ದು ಬಿಡಲು ಮಳೆ ಎಡೆಗೊಡದೆ ಸುರಿಯುತ್ತಿದ್ದ ದಿನಗಳವು. ನನ್ನ ತಂಗಿಯ ಮಗನು ಒದ್ದೆ ಬಟ್ಟೆಯಲ್ಲಿಯೇ ನಮ್ಮ ಮನೆಯ ಚಾವಡಿಗೆ ಬಂದು ಕುಳಿತನು. ಕುಳಿತವನು ಅಡಿಕೆಯ ಧಾರಣೆಯನ್ನಾಗಲಿ ಕೊಳೆರೋಗದ ಮಾತನ್ನಾಗಲಿ ಎತ್ತಲಿಲ್ಲ. ಕಿಸೆಯಿಂದ ಮೊಬೈಲನ್ನು ತೆಗೆದು ಒಂದು ಚಿತ್ರವನ್ನು ನನ್ನ ಮುಂದೆ ಹಿಡಿದನು. ಕಪ್ಪು ಬಣ್ಣದ, ಆನೆಯಂಥ ಗಾತ್ರದ, ನಾಲ್ಕು ಚಕ್ರಗಳಿಗೂ ಎಂಜಿನಿನ ಬಲವುಳ್ಳ ಐಷಾರಾಮಿ ವಾಹನವದು.

“ಮಾವ, ಹೊಸದಾಗಿದ್ದಾಗ ಇದರ ಬೆಲೆ ಒಂದು ಕೋಟಿಗೆ ಹತ್ತಿರ. ಒಂಬತ್ತು ವರ್ಷವಾಗಿದೆ. ಈಗ ಇಪ್ಪತ್ತೆರಡು ಲಕ್ಷಕ್ಕೆ ಕೊಡುತ್ತಾರಂತೆ. ಕೊಚ್ಚಿಯಲ್ಲಿದೆ. ನೀವೂ ಒಮ್ಮೆ ಬಂದು ನೋಡಬೇಕು” ಎಂದನು.

ನಾನು ತತ್‌ಕ್ಷಣ ಬೇಡವೆನ್ನಲಿಲ್ಲ. ಸಹಕಾರಿ ಸಂಘವೊಂದರ ಲೆಕ್ಕದ ಪುಸ್ತಕಗಳ ನಡುವೆ ಮೂವತ್ತು ವರ್ಷಗಳನ್ನು ಕಳೆದವನಾದ ನನಗೆ ಒಂದು ಸಂಗತಿ ಚೆನ್ನಾಗಿ ತಿಳಿದಿದೆ: ಕಾರಣ ಕೇಳದೆ ಬೇಡವೆನ್ನುವ ಹಿರಿಯನ ಮಾತನ್ನು ಕಿರಿಯರು ಮೀರುತ್ತಾರೆ, ಕಾರಣ ಕೇಳಿ ಲೆಕ್ಕಕ್ಕೆ ಕುಳಿತವನ ಮಾತನ್ನು ಕೊನೆಯ ಪಕ್ಷ ಆಲಿಸುತ್ತಾರೆ. ಅವನ ಕಾರಣಗಳಲ್ಲಿ ಹುರುಳಿತ್ತು. ನನ್ನ ತಂಗಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆರಡು ಸಲ ರಕ್ತ ಶುದ್ಧೀಕರಣಕ್ಕಾಗಿ ಮಂಗಳೂರಿಗೆ ಹೋಗಬೇಕು. ಹೋಗಿ ಬರುವ ದಾರಿ ೧೧೦ ಕಿಲೋಮೀಟರ್. ಮನೆಯಿಂದ ಡಾಮರು ರಸ್ತೆಯವರೆಗೆ ಮುರಕಲ್ಲಿನ ಓಣಿ, ಒಂದು ಹಳ್ಳ, ಅದರಾಚೆ ಕಡಿದಾದ ಏರು. ಮಳೆಗಾಲದಲ್ಲಿ ಸಾಮಾನ್ಯ ಕಾರು ಆ ಏರಿನಲ್ಲಿ ನಿಂತಲ್ಲಿಯೇ ಚಕ್ರ ತಿರುಗಿಸುತ್ತದೆ. ಬಾಡಿಗೆ ಜೀಪು ಏರುತ್ತದೆ. ಆದರೆ ಅದರ ಕುಲುಕಾಟದಿಂದ, ಮೊದಲೇ ಬಳಲಿದ ಜೀವ ಇನ್ನಷ್ಟು ಬಳಲುತ್ತದೆ. ೨೦೨೦ರ ಮಾರ್ಚಿಯಲ್ಲಿ ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಾಸರಗೋಡಿನ ರೋಗಿಗಳು ದಾರಿ ಕಾಣದೆ ನಿಂತ ದಿನಗಳನ್ನು ಕಂಡವರಿಗೆ, ಆಸ್ಪತ್ರೆಯ ದಾರಿಯೆಂಬುದು ಎಷ್ಟು ದೊಡ್ಡ ಮಾತೆಂದು ವಿವರಿಸಬೇಕಾಗಿಲ್ಲ. ಆದುದರಿಂದ ಅವನದು ಬರಿಯ ಶೋಕಿ ಎಂದು ತಳ್ಳಿಹಾಕುವಂತಿರಲಿಲ್ಲ.

ಆದರೆ ಇಪ್ಪತ್ತೆರಡು ಲಕ್ಷ ಎಲ್ಲಿಂದ? ನನ್ನ ಭಾವನು ತೀರಿಕೊಂಡಾಗ ಬಂದ ವಿಮೆಯ ಹಣ, ಅದಕ್ಕೆ ಸೇರಿಸಿ ಎರಡು ವರ್ಷಗಳ ಅಡಿಕೆಯ ಹುಟ್ಟುವಳಿ. ಅಂದರೆ, ಒಬ್ಬ ವಿಧವೆಯ ಮದ್ದಿನ ಖರ್ಚಿಗೆಂದು ಉಳಿದಿದ್ದ ಗಂಟು. ಈ ಮಾತನ್ನು ಅವನು ಕೊನೆಯಲ್ಲಿ, ತಲೆ ತಗ್ಗಿಸಿ ಹೇಳಿದನು.

ಈ ಪ್ರಸಂಗವನ್ನು ಅಂಕಣದಲ್ಲಿ ಬರೆಯಲು ಅವನ ಸಮ್ಮತಿಯನ್ನು ಪಡೆದಿದ್ದೇನೆ. ಇಂಥ ಹಳೆಯ ಐಷಾರಾಮಿ ವಾಹನಗಳ ಜಾಹೀರಾತು ಇಂದು ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳ ಮನೆಮನೆಗೂ ಮೊಬೈಲಿನ ಮೂಲಕ ಬಂದು ತಲುಪುತ್ತಿರುವುದರಿಂದ, ನಮ್ಮ ಲೆಕ್ಕ ಇನ್ನೊಬ್ಬರ ಉಪಯೋಗಕ್ಕೂ ಬಂದೀತು.

ಮೊದಲನೆಯ ಪ್ರಶ್ನೆ, ನಮಗೆ ಬೇಕಾದುದು ಏನು ಎಂಬುದು. “ನಾಲ್ಕು ಚಕ್ರಕ್ಕೂ ಬಲವಿರುವ ಐಷಾರಾಮಿ ವಾಹನ” ಎಂಬ ಒಂದೇ ಹೆಸರಿನೊಳಗೆ ಎರಡು ವಸ್ತುಗಳು ಅಡಗಿವೆ. ನಾಲ್ಕು ಚಕ್ರದ ಬಲ ಒಂದು, ಐಷಾರಾಮ ಇನ್ನೊಂದು. ಸಾಮಾನ್ಯ ಕಾರಿನಲ್ಲಿ ಎಂಜಿನಿನ ಬಲವು ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಅವು ಕೆಸರಿನಲ್ಲಿ ಜಾರಿದರೆ ಗಾಡಿ ನಿಂತಿತು. ನಾಲ್ಕು ಚಕ್ರದ ವಾಹನದಲ್ಲಿ ‘ಟ್ರಾನ್ಸ್‌ಫರ್ ಕೇಸ್’ ಎಂಬ ಪೆಟ್ಟಿಗೆಯೊಂದು ಆ ಬಲವನ್ನು ಮುಂದಿನ ಹಿಂದಿನ ಎರಡೂ ಅಚ್ಚುಗಳಿಗೆ ಹಂಚುತ್ತದೆ. ಅದರಲ್ಲಿಯೇ ‘ಲೋ’ ಎಂಬ ಇನ್ನೊಂದು ಗೇರು ಇದ್ದರೆ, ವೇಗ ಇಳಿದು ಎಳೆಯುವ ಶಕ್ತಿ ಹೆಚ್ಚುತ್ತದೆ. ಏರನ್ನು ಎತ್ತಿನಂತೆ ನಿಧಾನವಾಗಿ ಹತ್ತಬಹುದು. ಆದರೆ ಈ ಬಲವು ಗಾಡಿಯನ್ನು ಮುಂದೆ ನಡೆಸಲು ಮಾತ್ರ ಸಹಾಯಕ. ಒದ್ದೆ ರಸ್ತೆಯಲ್ಲಿ ಬ್ರೇಕು ಹಾಕಿ ನಿಲ್ಲಿಸುವಾಗ ಅದರಿಂದ ಯಾವ ಲಾಭವೂ ಇಲ್ಲ. ಎರಡು ಟನ್ನಿಗೂ ಮಿಕ್ಕ ಭಾರವು ಪ್ರತಿಕೂಲವೇ. ಇದನ್ನರಿಯದೆ ಧೈರ್ಯ ತಾಳುವವರು ಅನೇಕರು.

ಇನ್ನು ಐಷಾರಾಮದ ಕಥೆಯೋ ಸ್ವಾರಸ್ಯವಾದುದು. ಎರಡನೆಯ ಮಹಾಯುದ್ಧಕ್ಕಾಗಿ ೧೯೪೧ರ ಸುಮಾರಿಗೆ ಅಮೆರಿಕದಲ್ಲಿ ಹುಟ್ಟಿದ ಜೀಪು, ಯುದ್ಧ ಮುಗಿದ ಮೇಲೆ ಮಹೀಂದ್ರ ಕಂಪೆನಿಯ ಮೂಲಕ ನಮ್ಮ ದೇಶದ ಹಳ್ಳಿ ತೋಟಗಳಿಗೆ ಬಂದಿತು. ಅದನ್ನು ಕಂಡು ಇಂಗ್ಲೆಂಡಿನಲ್ಲಿ ರೈತರ ಕೆಲಸಕ್ಕೆಂದು ಮಾಡಿದ ಲ್ಯಾಂಡ್ ರೋವರ್ ೧೯೪೮ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ೧೯೭೦ರಲ್ಲಿ ಬಂದ ರೇಂಜ್ ರೋವರ್ ಕೂಡ ಆರಂಭದಲ್ಲಿ ಅರಸರ ರಥವಾಗಿರಲಿಲ್ಲ. ಕೆಸರಾದರೆ ಒಳಗನ್ನೂ ನೀರು ಹಾಯಿಸಿ ತೊಳೆಯಬಹುದಾದ ಆಸನ, ನೆಲಗಳು ಅದಕ್ಕಿದ್ದುವು. ಚರ್ಮದ ಮೆತ್ತೆ, ಮರದ ಹೊಳಪು, ಗಾಳಿಚೀಲಗಳ ಮೇಲೆ ತೇಲುವ ಸವಾರಿ ಇವೆಲ್ಲ ಆಮೇಲಿನ ದಶಕಗಳಲ್ಲಿ ಬಂದುವು. ೨೦೦೮ರಲ್ಲಿ ಟಾಟಾ ಸಂಸ್ಥೆಯು ಆ ಕಂಪೆನಿಯನ್ನೇ ಕೊಂಡಿತು. ಇಂದು ಹಲವು ದೇಶಗಳ ಹಲವು ಕಂಪೆನಿಗಳು ಇಂಥ ವಾಹನಗಳನ್ನು ಮಾಡುತ್ತಿವೆ. ನಾವು ನೋಡಿದ ವಾಹನ ಯಾರದೆಂದು ಹೇಳುವುದು ಇಲ್ಲಿ ಅನಾವಶ್ಯಕ. ಹೇಳಬೇಕಾದುದಿಷ್ಟೇ: ಗದ್ದೆಯ ಕೆಸರಿಗೆಂದು ಹುಟ್ಟಿದ ಜಾತಿಯು ಕಾಲಕ್ರಮದಲ್ಲಿ ಅರಮನೆಯ ಅಂಗಳಕ್ಕೆ ಏರಿತು, ಈಗ ಹಳತಾಗಿ, ಅಗ್ಗವಾಗಿ, ಪುನಃ ನಮ್ಮ ಗದ್ದೆಯಂಚಿಗೆ ಬಂದು ನಿಂತಿದೆ. ಆದರೆ ಅರಮನೆಯ ಅಭ್ಯಾಸಗಳನ್ನು ಅದು ಬಿಟ್ಟು ಬಂದಿಲ್ಲ.

ಅಗ್ಗವಾದುದೇಕೆ? ಕಾರಣ ಎರಡು. ಮೊದಲನೆಯದು ಎಲ್ಲ ದುಬಾರಿ ವಾಹನಗಳಿಗೂ ಇರುವಂಥದು: ಅದನ್ನು ಕೊಳ್ಳಬಲ್ಲವನು ಹೊಸದನ್ನೇ ಬಯಸುತ್ತಾನೆ, ಹಳೆಯದನ್ನು ಬಯಸುವವನಿಗೆ ಅದರ ರಿಪೇರಿಯ ಭಯ. ಎರಡನೆಯದು ದೆಹಲಿಯದು. ಹತ್ತು ವರ್ಷ ತುಂಬಿದ ಡೀಸೆಲ್ ವಾಹನಗಳು ದೆಹಲಿ ಹಾಗೂ ಸುತ್ತಲಿನ ರಾಜಧಾನಿ ಪ್ರದೇಶದಲ್ಲಿ ಓಡಕೂಡದೆಂದು ೨೦೧೫ರಲ್ಲಿ ಹಸುರು ನ್ಯಾಯಾಧಿಕರಣವು ಆಜ್ಞೆ ಮಾಡಿತು. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ೨೦೨೫ರ ಜುಲೈ ೧ರಿಂದ ಅಲ್ಲಿನ ಹಳೆಯ ವಾಹನಗಳಿಗೆ ಇಂಧನವನ್ನೇ ಕೊಡಬಾರದೆಂಬ ನಿಯಮ ಹೊರಟು, ಕೆಲವೇ ದಿನಗಳಲ್ಲಿ ನಿಂತಿತು. ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಿಗಿಯನ್ನು ಸಡಿಲಿಸಿತು. ನಾವು ಹೊರಟ ದಿನಗಳಲ್ಲಿ ಆ ಭಯ ಹಸಿಯಾಗಿತ್ತು. ದೆಹಲಿಯವನಿಗೆ ಮಾರುವ ಅವಸರ, ಕೇರಳದ ದಲ್ಲಾಳಿಗೆ ತರುವ ಉತ್ಸಾಹ. ವಾಹನದಲ್ಲಿ ದೋಷವಿಲ್ಲದೆಯೂ ಬೆಲೆ ಇಳಿಯಲು ಇದು ಸಾಕಾದ ಕಾರಣವೆಂಬುದನ್ನು ಒಪ್ಪಲೇಬೇಕು. ಅಗ್ಗವೆಂದ ಮಾತ್ರಕ್ಕೆ ಮೋಸವೆಂದು ಹೇಳಲಾಗದು.

ಕೊಚ್ಚಿಗೆ ಹೋಗುವ ಮೊದಲು ಎರಡು ಕೆಲಸ ಮಾಡಿದೆವು. ನಾನೂ ಅವನೂ ಅಳತೆಯ ಪಟ್ಟಿ ಹಿಡಿದು ಓಣಿಯಲ್ಲಿ ನಡೆದೆವು. ಓಣಿಯ ಬಾಯಿಯಲ್ಲಿ ಏಳೂವರೆ ಅಡಿ. ನಾಗಬನದ ತಿರುವಿನಲ್ಲಿ ಏಳೇ ಅಡಿ. ಆ ವಾಹನವು ಕನ್ನಡಿಗಳನ್ನು ಬಿಡಿಸಿ ನಿಂತಾಗ ಏಳು ಅಡಿಗೂ ಮಿಕ್ಕು ಅಗಲ, ಮಡಚಿದರೆ ಆರೂವರೆ. ಅಂದರೆ ಇಕ್ಕೆಲದ ಮುರಕಲ್ಲಿನ ಗೋಡೆಗೂ ಅದರ ಹೊಳೆಯುವ ಮೈಗೂ ನಡುವೆ ಮೂರು ಮೂರು ಅಂಗುಲ. ಅಳಿಯನು ಪಟ್ಟಿಯನ್ನು ಸುತ್ತಿ ಕಿಸೆಗೆ ಹಾಕಿಕೊಂಡು ಏನೂ ಮಾತಾಡಲಿಲ್ಲ.

ಎರಡನೆಯ ಕೆಲಸ, ಅಂಥದೇ ವಾಹನವನ್ನಿಟ್ಟುಕೊಂಡಿರುವ ಕುಂಬಳೆಯ ಪರಿಚಿತರೊಬ್ಬರ ಮನೆಗೆ ತಂಗಿಯನ್ನು ಕರೆದೊಯ್ದುದು. ಕೊಲ್ಲಿ ದೇಶದಲ್ಲಿ ದುಡಿದು ಬಂದ ಗೃಹಸ್ಥರು. ಅವರೂ ಹಳೆಯದನ್ನೇ ಕೊಂಡವರು. ಐದು ವರ್ಷಗಳಿಂದ ಸಂತೋಷವಾಗಿಯೇ ಓಡಿಸುತ್ತಿರುವವರು. ಗುಟ್ಟೇನೆಂದು ಕೇಳಿದುದಕ್ಕೆ ಅವರೆಂದರು: “ಕೊಂಡ ದಿನವೇ ಇದಕ್ಕಾಗಿ ಬೇರೆ ಖಾತೆ ತೆರೆದೆ. ವರ್ಷಕ್ಕೆ ಮೂರು ಲಕ್ಷ ಅದಕ್ಕೆ ಹಾಕುತ್ತೇನೆ. ಖರ್ಚಾಗದ ವರ್ಷವೂ ತೆಗೆಯುವುದಿಲ್ಲ. ಒಂದು ವರ್ಷ ಎರಡೂ ವರ್ಷದ್ದು ಒಟ್ಟಿಗೆ ಹೋಯಿತು. ಇದು ಮನೆಯಲ್ಲಿ ನಿಂತಿದ್ದರೂ ನನ್ನ ಮನೆಯ ಊಟ ನಿಲ್ಲುವುದಿಲ್ಲ. ಆ ಧೈರ್ಯ ಇದ್ದರೆ ಕೊಳ್ಳಿ.” ಇಷ್ಟು ಪ್ರಾಮಾಣಿಕವಾದ ಸಲಹೆಯನ್ನು ಯಾವ ದಲ್ಲಾಳಿಯಿಂದಲೂ ನಿರೀಕ್ಷಿಸಲಾಗದು.

ಆಮೇಲೆ ಅವರು ತಂಗಿಗೆ ಬಾಗಿಲು ತೆರೆದು ಕೊಟ್ಟರು. ಗಾಳಿಚೀಲದ ಆಧಾರವುಳ್ಳ ಅಂಥ ವಾಹನಗಳಲ್ಲಿ ಗುಂಡಿಯೊತ್ತಿದರೆ, ಹತ್ತುವವರ ಅನುಕೂಲಕ್ಕಾಗಿ ಗಾಡಿಯು ಒಂದೆರಡು ಅಂಗುಲ ತಗ್ಗುತ್ತದೆ. ತಗ್ಗಿಸಿಯೂ ಅವಳಿಗೆ ಹತ್ತಲಾಗಲಿಲ್ಲ. ಊದಿಕೊಂಡ ಮೊಣಕಾಲು ಮೇಲೇಳಲಿಲ್ಲ. ಮಗನೂ ನಾನೂ ಎರಡು ಕಡೆ ಹಿಡಿದು ಎತ್ತಿ ಕೂರಿಸಬೇಕಾಯಿತು. ಕುಳಿತ ಮೇಲೆ ಮಾತ್ರ, “ಒಳ್ಳೆಯ ಮೆತ್ತೆ ಮಗಾ, ಬಾವಂತಿಯವರ ಮಂಚದ ಹಾಗೆ ಉಂಟು” ಎಂದು ನಕ್ಕಳು. ರೋಗಿಗಾಗಿ ವಾಹನ ಕೊಳ್ಳುವವರು ಬಣ್ಣ ನೋಡುವ ಮೊದಲು ರೋಗಿಯನ್ನು ಒಮ್ಮೆ ಕೂರಿಸಿ ಇಳಿಸಿ ನೋಡಬೇಕೆಂಬ ಸಾಮಾನ್ಯ ಸಂಗತಿ, ಲೆಕ್ಕದಲ್ಲಿ ಮುಳುಗಿದ್ದ ನನಗೂ ಅಂದೇ ಹೊಳೆದುದು.

ಆದರೂ ಕೊಚ್ಚಿಗೆ ಹೋದೆವು. ನೋಡದೆ ಬಿಟ್ಟರೆ ಜೀವಮಾನವಿಡೀ “ಬಿಟ್ಟೆನಲ್ಲಾ” ಎಂಬ ಕೊರಗು ಉಳಿಯುತ್ತದೆ. ಕಾಸರಗೋಡಿನಿಂದ ೩೫೦ ಕಿಲೋಮೀಟರಿಗೂ ಮಿಕ್ಕ ದಾರಿ. ಸಂಜೆ ತಲುಪಿದಾಗ ವಾಹನವನ್ನು ತೊಳೆದು, ಎಂಜಿನು ಚಾಲು ಮಾಡಿ ನಿಲ್ಲಿಸಿದ್ದರು. ಅದು ನಿಂತ ಗತ್ತನ್ನು ಕಂಡಾಗ ಮುದುಕನಾದ ನನಗೂ ಒಮ್ಮೆ ಏರಿ ಕೂರಬೇಕೆನಿಸಿತೆಂದು ಮರೆಮಾಚದೆ ಹೇಳುತ್ತೇನೆ. ಓಡಿಸಿ ನೋಡಿದೆವು, ಹಂಸದಂತೆ ತೇಲಿತು. ದಲ್ಲಾಳಿಯು ಮುಂಗಡದ ಮಾತನ್ನೆತ್ತಿದನು. ನಾವು, “ನಾಳೆ ಬೆಳಗ್ಗೆ ಬರುತ್ತೇವೆ” ಎಂದು ಹೇಳಿ ಹೊರಟೆವು. ಬೆಳಗ್ಗೆ, ಅವರ ಅಂಗಡಿ ತೆರೆಯುವುದಕ್ಕೆ ಮುಂಚೆಯೇ, ಪರಿಚಯದ ಮೆಕ್ಯಾನಿಕನೊಬ್ಬನನ್ನು ಜೊತೆಗೆ ಕರೆದುಕೊಂಡು ಗೇಟಿನ ಬಳಿ ನಿಂತೆವು.

ಧರ್ಮಕ್ಕೆ ಕೊಟ್ಟ ಆಕಳ ಹಲ್ಲು ಎಣಿಸಬಾರದೆಂದು ಗಾದೆ. ಹಾಗಾದರೆ, ದುಡ್ಡು ತೆತ್ತು ಕೊಳ್ಳುವ ಆಕಳ ಹಲ್ಲನ್ನು ಎಣಿಸದೆ ಇರಕೂಡದೆಂಬುದು ಅದರ ಇನ್ನೊಂದು ಮಗ್ಗುಲು. ರಾತ್ರಿಯಿಡೀ ನಿಂತಿದ್ದ ಆ ಮಹಾವಾಹನವು ಹಿಂದಿನ ಎಡಗಾಲು ಊರಲಾರದ ಎತ್ತಿನಂತೆ ಒಂದು ಮೂಲೆಗೆ ಕುಸಿದು ನಿಂತಿತ್ತು! ರಬ್ಬರಿನ ಗಾಳಿಚೀಲವು ವಯಸ್ಸಾದಂತೆ ಬಿರುಕು ಬಿಡುತ್ತದೆ. ಗಾಳಿ ಮೆಲ್ಲಮೆಲ್ಲನೆ ಸೋರುತ್ತದೆ. ಎಂಜಿನು ಚಾಲು ಮಾಡಿದೊಡನೆ ಗಾಳಿಯ ಪಂಪು ಅದನ್ನು ತುಂಬಿ ಗಾಡಿಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಸೋರುವುದನ್ನು ಸದಾ ತುಂಬಿ ತುಂಬಿ ಕೊನೆಗೆ ಪಂಪೂ ಸುಟ್ಟುಹೋಗುತ್ತದೆ. ಹಿಂದಿನ ಸಂಜೆ ಎಂಜಿನು ಓಡುತ್ತಿದ್ದುದೇಕೆಂಬುದು ಆಗ ತಿಳಿಯಿತು. ಆದುದರಿಂದ, ಹಳೆಯ ವಾಹನವನ್ನು ತಣ್ಣಗಿರುವಾಗ, ರಾತ್ರಿ ನಿಂತ ಸ್ಥಿತಿಯಲ್ಲಿ ನೋಡತಕ್ಕದ್ದು. ತಣ್ಣನೆಯ ಎಂಜಿನು ಮೊದಲು ಚಾಲುವಾಗುವಾಗಿನ ಸದ್ದು, ಹೊಗೆಯ ಬಣ್ಣ, ನೆಲದ ಮೇಲಿನ ಎಣ್ಣೆಯ ಕಲೆ ಇವು ದಲ್ಲಾಳಿಗಿಂತ ಹೆಚ್ಚು ಸತ್ಯ ನುಡಿಯುತ್ತವೆ.

ನಮ್ಮ ಮೆಕ್ಯಾನಿಕನು ನೋಡಿದ ಇತರ ಸಂಗತಿಗಳನ್ನೂ ವಾಚಕರ ತಿಳಿವಿಗಾಗಿ ಹೇಳುತ್ತೇನೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆಗಳಿರುತ್ತವೆ. ೨೩೧೮ ಎಂದಿದ್ದರೆ ಅದು ೨೦೧೮ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದುದು. ನಾಲ್ಕೂ ಟಯರುಗಳು ಒಂದೇ ಅಳತೆಯವೂ ಸುಮಾರಾಗಿ ಒಂದೇ ಸವೆತದವೂ ಆಗಿರಬೇಕು. ಇಲ್ಲವಾದರೆ, ಸದಾ ನಾಲ್ಕು ಚಕ್ರಕ್ಕೂ ಬಲ ಹರಿಯುವ ವಾಹನಗಳಲ್ಲಿ ಹಂಚುವ ಪೆಟ್ಟಿಗೆಯ ಮೇಲೆ ವೃಥಾ ಶ್ರಮ ಬೀಳುತ್ತದೆ. ಕಾಲಡಿಯ ರತ್ನಗಂಬಳಿಯನ್ನೆತ್ತಿ ಮೂಸಿ ನೋಡಬೇಕು. ಆಸನದ ಹಳಿಗಳಲ್ಲಿ ತುಕ್ಕು, ಸಂದಿಗಳಲ್ಲಿ ಹೂಳು ಇದ್ದರೆ ವಾಹನ ನೆರೆಯಲ್ಲಿ ಮುಳುಗಿ ಎದ್ದುದೆಂದೇ ತಿಳಿಯಬೇಕು. ೨೦೧೫ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿಯೂ ೨೦೧೮ರ ಆಗಸ್ಟಿನಲ್ಲಿ ಕೇರಳದಲ್ಲಿಯೂ ಬಂದ ಮಹಾನೆರೆಗಳನ್ನು ಮರೆಯುವಂತಿಲ್ಲ. ಇಂಥ ವಾಹನಗಳ ಒಳಗೆ ಹತ್ತಾರು ಚಿಕ್ಕ ಕಂಪ್ಯೂಟರುಗಳಿವೆ. ಒಮ್ಮೆ ನೀರು ಕುಡಿದ ತಂತಿಗಳು ವರ್ಷಗಳ ತರುವಾಯವೂ ಕೈಕೊಡುತ್ತವೆ. ಆ ಕಂಪ್ಯೂಟರುಗಳು ಬರೆದಿಟ್ಟುಕೊಂಡ ದೋಷಗಳ ಪಟ್ಟಿಯನ್ನು ಓದುವ ಚಿಕ್ಕ ಯಂತ್ರವಿದೆ. ಅದನ್ನು ಜೋಡಿಸಿ ನೋಡದೆ ಮುಂಗಡ ಕೊಡಬಾರದು. ನಾವು ನೋಡಿದ ವಾಹನದ ಪಟ್ಟಿಯು ಹಿಂದಿನ ದಿನವಷ್ಟೇ ಅಳಿಸಲ್ಪಟ್ಟಿತ್ತು. ಗೇರನ್ನು ‘ಲೋ’ಗೆ ಹಾಕಿ ನಿಜವಾಗಿ ಒಂದು ಏರನ್ನು ಹತ್ತಿಸಿ ನೋಡಬೇಕು, ನಗರದ ಶ್ರೀಮಂತರು ವರ್ಷಗಟ್ಟಲೆ ಮುಟ್ಟದ ಗುಂಡಿಯದು.

ಇನ್ನು ಕಾಗದಪತ್ರಗಳು. ಬೇರೆ ರಾಜ್ಯದ ವಾಹನಕ್ಕೆ ಅಲ್ಲಿನ ನೋಂದಣಿ ಅಧಿಕಾರಿಯ ನಿರಾಕ್ಷೇಪಣಾ ಪತ್ರ ಬೇಕು. ಅದಕ್ಕೆ ಫಾರಂ ೨೮. ಒಡೆತನದ ವರ್ಗಾವಣೆಗೆ ಫಾರಂ ೨೯ ಮತ್ತು ೩೦. ಹಿಂದಿನವನ ಸಾಲ ತೀರಿದ್ದರೆ ಬ್ಯಾಂಕಿನ ಸಹಿಯುಳ್ಳ ಫಾರಂ ೩೫. ಗಡಿನಾಡಿನ ನಮಗೆ ಇವು ಹೊಸತಲ್ಲ. ಪುತ್ತೂರಿನ ಬೈಕನ್ನು ಪೆರ್ಲಕ್ಕೆ ತಂದವನೂ ಈ ಮೆಟ್ಟಿಲುಗಳನ್ನು ಹತ್ತಿ ಇಳಿದವನೇ. ಆದರೆ ಬೆಲೆಬಾಳುವ ವಾಹನದಲ್ಲಿ ಮುಖ್ಯವಾದುದು ತೆರಿಗೆ. ಕೇರಳದಲ್ಲಿ ಪುನಃ ನೋಂದಾಯಿಸುವಾಗ ತೆರಿಗೆಯನ್ನು ನಾವು ಕೊಟ್ಟ ಇಪ್ಪತ್ತೆರಡು ಲಕ್ಷದ ಮೇಲಲ್ಲ, ವಾಹನವು ಹೊಸದಾಗಿದ್ದಾಗಿನ ಬೆಲೆಯನ್ನು ಹಿಡಿದು, ವಯಸ್ಸಿಗೆ ತಕ್ಕಂತೆ ಕಡಿಮೆ ಮಾಡಿ ಲೆಕ್ಕ ಹಾಕುತ್ತಾರೆ. ಆ ಮೊತ್ತ ಲಕ್ಷಗಳಲ್ಲಿ ಇರುತ್ತದೆ. ಜಾಹೀರಾತಿನಲ್ಲಿ ಅದರ ಸುಳಿವೂ ಇರಲಿಲ್ಲ. ಮುಂಗಡ ಕೊಡುವ ಮೊದಲೇ ಸಾರಿಗೆ ಕಚೇರಿಯಲ್ಲಿ ಕೇಳಿ ಬರೆದುಕೊಳ್ಳಬೇಕಾದ ಅಂಕೆಯದು. ಹಾಗೆಯೇ, ಹದಿನೇಳು ಅಕ್ಷರ-ಅಂಕೆಗಳ ಚಾಸಿ ಸಂಖ್ಯೆಯನ್ನು ಗಾಡಿಯ ಮೈಮೇಲೂ ಪುಸ್ತಕದಲ್ಲೂ ಸರಕಾರದ ‘ವಾಹನ್’ ದಾಖಲೆಯಲ್ಲೂ ತಾಳೆ ನೋಡಬೇಕು.

ಇದು ಅತಿಯಾದ ಶಂಕೆಯೆಂದು ಅಳಿಯನಿಗೆ ಅಂದು ತೋರಿತ್ತು. ನಾವು ಮರಳಿ ಬಂದ ಒಂದೆರಡು ತಿಂಗಳಲ್ಲಿಯೇ, ೨೦೨೫ರ ಸೆಪ್ಟೆಂಬರಿನಲ್ಲಿ, ಕಸ್ಟಮ್ಸ್ ಇಲಾಖೆಯವರು ಕೇರಳದ ಹಲವೆಡೆ ಒಮ್ಮೆಲೆ ಶೋಧ ನಡೆಸಿ ಅನೇಕ ದುಬಾರಿ ವಾಹನಗಳನ್ನು ವಶಪಡಿಸಿಕೊಂಡರು. ಭೂತಾನದ ಮೂಲಕ ಕಳ್ಳದಾರಿಯಲ್ಲಿ ತಂದು, ಸುಳ್ಳು ಕಾಗದಗಳಿಂದ ಬೇರೆ ರಾಜ್ಯಗಳಲ್ಲಿ ನೋಂದಾಯಿಸಿ ಮಾರಿದ ವಾಹನಗಳಿವೆಯೆಂಬುದು ಇಲಾಖೆಯ ಆರೋಪ. ಆ ಶೋಧಕ್ಕೆ ಅವರಿಟ್ಟ ಹೆಸರು ‘ನುಮ್‌ಖೋರ್’. ಭೂತಾನದ ಭಾಷೆಯಲ್ಲಿ ವಾಹನವೆಂದರ್ಥ. ವಶವಾದವುಗಳಲ್ಲಿ ನಾಲ್ಕು ಚಕ್ರದ ದೊಡ್ಡ ವಾಹನಗಳೂ ಇದ್ದುವು. ನಾವು ನೋಡಿದ ವಾಹನಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅದರ ಕಾಗದಗಳು ಸರಿಯಾಗಿಯೇ ಇದ್ದುವು. ಆದರೆ ಅಂಥ ವಾಹನವನ್ನು ತಿಳಿಯದೆ ಕೊಂಡವನ ಸ್ಥಿತಿ ಹೇಗಿದ್ದೀತು? ಹಣ ಹೋಯಿತು, ಗಾಡಿಯೂ ಹೋಯಿತು. ಮೇಲಾಗಿ ವಿಚಾರಣೆಯ ಅಲೆದಾಟ.

ಮಾರುವವರಿಗೂ ಒಂದು ಮಾತು. ಗಾಡಿ ಕೊಟ್ಟು ಹಣ ಎಣಿಸಿಕೊಂಡರೆ ಮುಗಿಯಿತೆಂದು ತಿಳಿಯಬಾರದು. ದಾಖಲೆಯಲ್ಲಿ ಯಾರ ಹೆಸರು ಉಳಿದಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಸ್ಪಷ್ಟಪಡಿಸಿದೆ. ಕೊಳ್ಳುವವರೂ ಹದಿನಾಲ್ಕು ದಿನಗಳೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ಹಿಂದಿನವನು ಗಳಿಸಿದ ವಿಮಾ ರಿಯಾಯಿತಿಯು ಅವನೊಡನೆಯೇ ಹೋಗುತ್ತದೆ, ಗಾಡಿಯೊಡನೆ ಬರುವುದಿಲ್ಲ.

ಊರಿಗೆ ಮರಳುವ ರೈಲಿನಲ್ಲಿ, ಹಳೆಯ ಲಕೋಟೆಯೊಂದರ ಬೆನ್ನ ಮೇಲೆ ಲೆಕ್ಕ ಬರೆದೆವು. ವಾರಕ್ಕೆರಡು ಸಲ ಮಂಗಳೂರು, ಮೇಲೆ ಅಲ್ಲಿ ಇಲ್ಲಿ ಓಡಾಟ, ಒಟ್ಟು ವರ್ಷಕ್ಕೆ ಸುಮಾರು ೧೫,೦೦೦ ಕಿಲೋಮೀಟರ್. ಲೀಟರಿಗೆ ೯ ಕಿಲೋಮೀಟರಿನಂತೆ, ಡೀಸೆಲಿಗೆ ೯೫ ರೂಪಾಯಿ ಹಿಡಿದರೆ ೧,೫೮,೦೦೦ ರೂಪಾಯಿ. ೧೪ ಕಿಲೋಮೀಟರ್ ಕೊಡುವ ಸಾಧಾರಣ ವಾಹನವಾದರೆ ೧,೦೨,೦೦೦. ವ್ಯತ್ಯಾಸ ೫೬,೦೦೦ ಮಾತ್ರ. ಜನರು ಸಾಮಾನ್ಯವಾಗಿ “ಎಷ್ಟು ಮೈಲೇಜು?” ಎಂದು ಮೊದಲು ಕೇಳುತ್ತಾರೆ, ಆದರೆ ಕಿಸೆ ಬರಿದಾಗುವುದು ಅಲ್ಲಿ ಅಲ್ಲ. ಕುಂಬಳೆಯ ಗೃಹಸ್ಥರ ಅನುಭವದಂತೆ ರಿಪೇರಿಗೆ ೩ ಲಕ್ಷ, ವಿಮೆಗೆ ೭೦,೦೦೦, ಟಯರುಗಳ ಸವೆತಕ್ಕೆ ೫೦,೦೦೦. ಇಷ್ಟಕ್ಕೆ ೫,೭೮,೦೦೦ ಆಯಿತು. ನಾಲ್ಕು ವರ್ಷ ಬಿಟ್ಟು ಮಾರಿದರೆ ಹತ್ತು ಲಕ್ಷ ಬಂದೀತೆಂದು ಉದಾರವಾಗಿ ಎಣಿಸಿದರೂ ವರ್ಷಕ್ಕೆ ೩ ಲಕ್ಷದ ಇಳುವರಿ. ಒಟ್ಟು ೮,೭೮,೦೦೦. ಕೇರಳದ ತೆರಿಗೆಯನ್ನೂ ಹಣದ ಬಡ್ಡಿಯನ್ನೂ ಸೇರಿಸದೆಯೇ ಕಿಲೋಮೀಟರಿಗೆ ಐವತ್ತೆಂಟು ರೂಪಾಯಿಗೂ ಮಿಕ್ಕಿತು. ಅಂದರೆ ಒಂದು ಸಲ ಮಂಗಳೂರಿಗೆ ಹೋಗಿ ಬರಲು ಸುಮಾರು ೬,೪೦೦ ರೂಪಾಯಿ. ನಮ್ಮೂರ ಬಾಡಿಗೆ ಕಾರಿನವನು ದಿನವಿಡೀ ಕಾದು ನಿಂತು ಕರೆತರುವುದಕ್ಕೆ ೩,೦೦೦ ತೆಗೆದುಕೊಳ್ಳುತ್ತಾನೆ.

ಅಳಿಯನು ಲಕೋಟೆಯನ್ನು ಬಹಳ ಹೊತ್ತು ನೋಡಿದನು. ಆಮೇಲೆ, “ಮಾವ, ನಿಮ್ಮ ಲೆಕ್ಕ ಸರಿ. ಆದರೆ ನಡುರಾತ್ರಿ ಮಳೆಯಲ್ಲಿ ಅಮ್ಮನಿಗೆ ಉಸಿರು ಕಟ್ಟಿದರೆ ಬಾಡಿಗೆಯವನು ಆ ಹಳ್ಳ ದಾಟಿ ಬರುವುದಿಲ್ಲ. ಅದು ನಿಮ್ಮ ಲಕೋಟೆಯಲ್ಲಿ ಇಲ್ಲ” ಎಂದನು.

ಅವನ ಮಾತು ನನ್ನ ಮನಸ್ಸಿಗೆ ನಾಟಿತು. ಲೆಕ್ಕವೆಂಬುದು ಎಷ್ಟು ಸರಿಯಿದ್ದರೂ, ನಾವು ಅದರಲ್ಲಿ ಬರೆಯದೆ ಬಿಟ್ಟುದು ಅದರ ಹೊರಗೇ ಉಳಿಯುತ್ತದೆ. ನಾಲ್ಕು ಚಕ್ರದ ಬಲವು ಅವನಿಗೆ ನಿಜವಾಗಿಯೂ ಬೇಕಿತ್ತು. ಬೇಕಿಲ್ಲದಿದ್ದುದು ಗಾಳಿಚೀಲ, ಚರ್ಮದ ಮೆತ್ತೆ ಮತ್ತು ಹತ್ತಾರು ಕಂಪ್ಯೂಟರುಗಳು ಮಾತ್ರ.

ಮನೆಗೆ ಬಂದು ತಂಗಿಯ ಮುಂದೆ ಎಲ್ಲವನ್ನೂ ಇಟ್ಟೆವು. ಹಣ ಅವಳದು, ಅದುವರೆಗೆ ಅವಳನ್ನು ಯಾರೂ ಕೇಳಿರಲಿಲ್ಲವೆಂಬುದು ನನಗೂ ನಾಚಿಕೆಯ ಸಂಗತಿ. ಅವಳು ಕುಸಿದು ನಿಂತ ಗಾಡಿಯ ವೃತ್ತಾಂತವನ್ನು ಆಸಕ್ತಿಯಿಂದ ಕೇಳಿ ಹೇಳಿದಳು: “ಮಗಾ, ನಿನ್ನ ಅಪ್ಪ ಬಿಟ್ಟುಹೋದದ್ದು ನನ್ನೊಬ್ಬಳ ಮದ್ದಿಗೆ ಸಾಕಾದೀತು. ಅದಕ್ಕೂ ಮದ್ದು ಮಾಡಬೇಕಾದರೆ ಎಲ್ಲಿಂದ ತರುತ್ತೀ?”

ಅಲ್ಲಿಗೆ ಕೊಚ್ಚಿಯ ವ್ಯವಹಾರ ಮುಗಿಯಿತು.

ಮುಂದಿನ ತಿಂಗಳು ಪುತ್ತೂರಿನ ಕಡೆಯ ಕೃಷಿಕರೊಬ್ಬರಿಂದ ಆರು ವರ್ಷ ಹಳೆಯ, ನಮ್ಮ ದೇಶದಲ್ಲೇ ತಯಾರಾದ ಸಾಧಾರಣ ನಾಲ್ಕು ಚಕ್ರದ ವಾಹನವೊಂದನ್ನು ಏಳೂವರೆ ಲಕ್ಷಕ್ಕೆ ಕೊಂಡನು. ಒಬ್ಬರೇ ಓಡಿಸಿದುದು; ರಿಪೇರಿಯ ಚೀಟಿಗಳೆಲ್ಲ ಒಂದು ಕಟ್ಟಿನಲ್ಲಿದ್ದುವು. ಅದನ್ನೂ ಮುಂಜಾನೆ ತಣ್ಣಗಿರುವಾಗಲೇ ನೋಡಿದೆವು. ಒಂದೂವರೆ ಲಕ್ಷ ಖರ್ಚು ಮಾಡಿ, ಹಳ್ಳದಾಚೆಯ ಅರುವತ್ತು ಮೀಟರ್ ಏರಿಗೆ ಚಕ್ರ ಹಾಯುವಷ್ಟು ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿದನು. ಊರ ಕಮ್ಮಾರನಿಂದ ಒಂದು ಕಬ್ಬಿಣದ ಕಾಲುಮಣೆ ಮಾಡಿಸಿ ಬಾಗಿಲ ಕೆಳಗೆ ಬಿಗಿಸಿದನು. ಈಗ ನನ್ನ ತಂಗಿ ಮಗನ ಹೆಗಲು ಹಿಡಿದು ತಾನೇ ಹತ್ತುತ್ತಾಳೆ. ಆಸನದ ಮೇಲೆ ದಪ್ಪನೆಯ ಹತ್ತಿಯ ಹಾಸಿಗೆ. ಉಳಿದ ಹಣ ಬ್ಯಾಂಕಿನಲ್ಲಿ ಅವಳ ಹೆಸರಿನಲ್ಲಿದೆ.

ಎಲ್ಲವೂ ಸುಖಾಂತವಾಯಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಗಾಡಿ ಗಡಗಡಿಸುತ್ತದೆ. ಮಂಗಳೂರಿನಿಂದ ಬರುವಾಗ ಒಮ್ಮೊಮ್ಮೆ ತಂಗಿ ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕುಳಿತಿರುತ್ತಾಳೆ. ಹೆದ್ದಾರಿಯಲ್ಲಿ ಕಪ್ಪು ವಾಹನವೊಂದು ಸದ್ದಿಲ್ಲದೆ ತೇಲಿಹೋದಾಗ ಅಳಿಯನ ಕಣ್ಣು ಅದರ ಹಿಂದೆ ಒಂದು ಫರ್ಲಾಂಗು 
ಹೋಗಿ ಬರುತ್ತದೆ. ಆಸೆಪಡುವುದು ತಪ್ಪೆಂದು ನಾನು ಹೇಳುವವನಲ್ಲ. ಕುಂಬಳೆಯ ಗೃಹಸ್ಥರಂತೆ ಬೇರೆ ಖಾತೆಯನ್ನು ತುಂಬಿಸುವ ಕಾಲ ಅವನಿಗೂ ಬಂದೀತು. ಬಂದ ದಿನ ಕೊಳ್ಳಲಿ, ನಾನಿದ್ದರೆ ನಾನೂ ಒಮ್ಮೆ ಕೂರುತ್ತೇನೆ.

ವಾಚಕರೇ, ಈ ಪ್ರಸಂಗದಿಂದ ನಾನು ತಿಳಿದುಕೊಂಡುದು ಇಷ್ಟು. ಹಳೆಯ ಐಷಾರಾಮಿ ವಾಹನದ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಕೋಟಿಯ ವಾಹನವನ್ನು ಇಪ್ಪತ್ತೆರಡು ಲಕ್ಷಕ್ಕೆ ಕೊಂಡವನು, ಅದನ್ನು ಸಾಕುವಾಗ ಕೋಟಿಯವನಂತೆಯೇ ಸಾಕಬೇಕಾಗುತ್ತದೆ. ಆದುದರಿಂದ ಕೊಳ್ಳುವ ಹಣ ಇದೆಯೇ ಎಂದು ಕೇಳಿಕೊಳ್ಳುವುದಕ್ಕಿಂತ, ಕೊಂಡ ಮರುವರ್ಷ ಅದು ಕೆಟ್ಟು ನಿಂತರೆ ಮನೆಯಲ್ಲಿ ಯಾರ ಪಾಲಿನ ಹಣ ಅದಕ್ಕೆ ಹೋದೀತೆಂದು ಕೇಳಿಕೊಳ್ಳಿರಿ. ಆ ಪಾಲಿನವರನ್ನೂ ಕರೆದು ಕೂರಿಸಿ ಕೇಳಿರಿ.

ಆಗ ನಮಗಿದ್ದ ಭಯ ನಿಜವಾದ ರಾತ್ರಿಯೂ ಒಂದು ಬಂದಿತು. ಅಕ್ಟೋಬರಿನ ಗುಡುಗುಮಳೆಯಲ್ಲಿ, ರಾತ್ರಿ ಒಂದು ಗಂಟೆಗೆ, ತಂಗಿಗೆ ಉಸಿರಾಟದ ತೊಂದರೆ ಕಾಣಿಸಿಕೊಂಡಿತು. ಹಳ್ಳ ತುಂಬಿ ಹರಿಯುತ್ತಿತ್ತು. ಅಳಿಯನು ಗೇರನ್ನು ‘ಲೋ’ಗೆ ಹಾಕಿ ಹಳ್ಳವನ್ನು ಇಳಿದು, ಕಾಂಕ್ರೀಟಿನ ಪಟ್ಟಿಗಳ ಮೇಲೆ ಏರನ್ನು ಹತ್ತಿ, ಎರಡೂವರೆಗೆ ಆಸ್ಪತ್ರೆಯನ್ನು ಮುಟ್ಟಿಸಿದನು. ನಾಲ್ಕನೆಯ ದಿನ ಅವಳು ಮನೆಗೆ ಮರಳಿದಳು. ಗಾಡಿಯಿಂದಿಳಿಯುವಾಗ ಅವಳು ಆಡಿದ ಮೊದಲ ಮಾತು, “ಹಾಸಿಗೆಯ ಹತ್ತಿ ಗಂಟು ಕಟ್ಟಿದೆ ಮಗಾ, ಒಮ್ಮೆ ಬಿಸಿಲಿಗೆ ಹಾಕಬೇಕು” ಎಂದು.

ಬಿಸಿಲು ಬಂದ ಮೇಲೆ ಹಾಕಿದ್ದಾರೆ.